ಬಾಲ್ಕನಿಯ ಬಸಳೆ

ತೋಡಾರಿನ ನನ್ನ ತವರುಮನೆ ಹೆದ್ದಾರಿಯ ಪಾಲಾಯಿತು. ಜೆಸಿಬಿ ಬರುವ ಮುನ್ನಾದಿನ ಅಮ್ಮನ ಬಸಳೆ ಚಪ್ಪರದಿಂದ ಒಂದು ದಂಟು ಮುರಿದು ತಂದೆ. ಅಮ್ಮ ತೀರಿ ಎರಡು ವರ್ಷ. ಅವಳು ನೆಟ್ಟದ್ದು ಅಂತ ಉಳಿದದ್ದು ಅದೊಂದೇ. ಪಾಣೆಮಂಗಳೂರಿನ ನಮ್ಮ ಬಾಡಿಗೆ ಮಹಡಿಯ ಬಾಲ್ಕನಿಯಲ್ಲಿ, ಮಳೆ ತಾಗದ ಶೀಟಿನ ಮಾಡಿನ ಅಡಿಯಲ್ಲಿ, ಹಳೆಯ ಬಕೆಟಿಗೆ ಮಣ್ಣು ತುಂಬಿ ಅದನ್ನು ನೆಟ್ಟೆ. ಅಲಸಂಡೆ, ಹಸಿಮೆಣಸು ಆಮೇಲೆ ಬಂದವು.

ಕೆಳಗಿನ ಮನೆಯ ಚಿನ್ನಯ್ಯನವರೇ ನಮ್ಮ ಬಾಡಿಗೆ ಮನೆಯ ಮಾಲೀಕರು. ಬಳ್ಳಿ ತಮ್ಮ ಕಿಟಕಿಗೆ ಅಡ್ಡವಾಯಿತೆಂದು ಮೇ ತಿಂಗಳಲ್ಲಿ ಇಳಿಬಿದ್ದ ತುದಿಯನ್ನು ಕಡಿದೇಬಿಟ್ಟರು. ಅಂದಿನಿಂದ ನಾನು ಅವರ ಹತ್ತಿರ ಮಾತು ಬಿಟ್ಟೆ. ನನಗೆ ಸಿಟ್ಟು ಬಂದರೆ ಬೇಗ ಇಳಿಯುವುದಿಲ್ಲ.

ಜುಲೈಯಲ್ಲಿ ಬಸಳೆಯ ಎಲೆ ಹಳದಿಯಾಯಿತು, ಅಂಚು ಕರಟಿತು. ಬೂದಿ ಹಾಕಿದೆ, ನೆಲಗಡಲೆ ಹಿಂಡಿ ಹಾಕಿದೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಬಾಲ್ಕನಿಯ ಬಾಗಿಲು ತೆಗೆದು ನೋಡುತ್ತಿದ್ದೆ. ಗುರುವಾರ ಬುಡ ಮುಟ್ಟಿದರೆ ಕೊಳೆತು ಮೆತ್ತಗಾಗಿತ್ತು. ಮಣ್ಣಿನ ಮೇಲೆ ಬಿಳಿ ಪುಡಿ ಕಂಡಿತು. ಹೊರಗಿನ ಮೆಟ್ಟಿಲು ಹತ್ತಿ ಯಾರು ಬೇಕಾದರೂ ಬರಬಹುದು. ನನಗೆ ಬೇರೆ ಹೆಸರು ಹೊಳೆಯಲೇ ಇಲ್ಲ.

ನೇರ ಕೆಳಗಿಳಿದೆ. ಚಿನ್ನಯ್ಯನವರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ವಿಷ ಹಾಕುವವರ ಮನೆಯಲ್ಲಿ ಬಾಡಿಗೆಗೆ ಇರುವುದೂ ಪಾಪ ಎಂದೆ. ಇನ್ನೂ ಏನೇನೋ ಅಂದೆ. ಅವರು ಪೇಪರ್ ಮಡಚಿದರು.

ಮೆಟ್ಟಿಲ ಮೇಲಿಂದ ನನ್ನ ಅತ್ತೆ ಸೇಸಮ್ಮನ ಸ್ವರ ಬಂತು. "ಅವರಲ್ಲ ಮಗಾ. ಒಣಮೀನು ತೊಳೆದ ನೀರು ದಿನಾ ಹಾಕಿದ್ದು ನಾನು."

ಬಸಳೆಗೆ ಮೀನು ತೊಳೆದ ನೀರು ಹಾಕದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಮಳೆಗಾಲದಲ್ಲಿ ದೋಣಿಗಳು ದಡದಲ್ಲಿ, ಹಸಿ ಮೀನಿಲ್ಲ, ಉಪ್ಪು ಹಾಕಿದ ಒಣಮೀನೇ ಗತಿ. ಅಂಗಳದಲ್ಲಾದರೆ ಒಣಮೀನಿನ ಉಪ್ಪನ್ನು ಮಳೆ ತೊಳೆದು ಒಯ್ಯುತ್ತಿತ್ತು. ಶೀಟಿನ ಅಡಿಯ ಬಕೆಟಿನಿಂದ ಅದು ಎಲ್ಲಿಗೆ ಹೋಗಬೇಕು? ಮಣ್ಣಿನ ಮೇಲೆ ಬಿಳಿ ಪುಡಿಯಾಗಿ ನಿಂತದ್ದು ಅದೇ. ಅತ್ತೆಗೆ ಬೈಯಲು ಬಾಯಿ ತೆರೆದೆ. ಬೈಗುಳವೆಲ್ಲ ಆಗಲೇ ಖರ್ಚಾಗಿತ್ತು. ಅಳು ಬಂತು.

ಚಿನ್ನಯ್ಯನವರು ಎದ್ದು ಹಿತ್ತಿಲ ಬಾಗಿಲು ತೆಗೆದರು. ಮಳೆಯಲ್ಲಿ ನೆನೆಯುತ್ತಾ, ಪೈಂಟಿನ ಡಬ್ಬದಿಂದ ಬಾವಿಕಟ್ಟೆಯವರೆಗೆ ಬಸಳೆ ಹಬ್ಬಿತ್ತು. ದಪ್ಪ ಎಲೆ, ಕೆಂಪು ದಂಟು, ಅಮ್ಮನದೇ.

"ಕಡಿದದ್ದು ಹೌದು," ಎಂದರು. "ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಒಳಗಿನಿಂದ ಸೊಪ್ಪು ಕೊಯ್ಯುವ ಕತ್ತಿ ತಂದು ನನ್ನ ಕೈಗಿಟ್ಟರು. ತಪ್ಪಾಯಿತು ಎನ್ನಬೇಕಿತ್ತು.

"ಎಷ್ಟು ಕಡಿಯಲಿ?" ಎಂದು ಕೇಳಿದೆ.

"ನಿಮ್ಮದೇ ಅಲ್ವಾ," ಎಂದರು ಚಿನ್ನಯ್ಯನವರು. "ನನಗೆ ಸ್ವಲ್ಪ ಬಿಡಿ."