ಪೆಲಗೇಯಾಳ ಒರೆ

“ಒಂದೇ ಗುಂಡು. ಒಂಬತ್ತು ಕಳ್ಳರು ಸಾಲಾಗಿ ಮಲಗಿದ್ರು. ಆಮೇಲೆ ಪೆಲಗೇಯಾ ಆ ಗುಂಡನ್ನ ಹಿಮದಲ್ಲಿ ಹುಡುಕಿ, ಕೋಟಿನ ತುದಿಗೆ ಒರೆಸಿ, ಮತ್ತೆ ರಿವಾಲ್ವರಿಗೇ ತುಂಬಿಕೊಂಡ್ಲು. ಸರ್ಕಾರದ ಆಸ್ತಿ, ಹಾಳು ಮಾಡಬಾರದು ಅಂತ.”

ಎರಡು ಕೈಯಲ್ಲೂ ಕೆಂಪು ದಿಂಬು ಹಿಡಿದು, ಪೆಲಗೇಯಾಳ ಶವಪೆಟ್ಟಿಗೆಯ ಮುಂದೆ ನಡೆಯುತ್ತಲೇ ಲೂಕಿಚ್ ಇದನ್ನು ಹೇಳುತ್ತಿದ್ದ. ರಷ್ಯಾದ ತುಲಾ ಪಟ್ಟಣದಲ್ಲಿ ಅಂದು ಎಂಥ ಚಳಿಯೆಂದರೆ, ಮನುಷ್ಯನ ನೆರಳೂ ನೆಲಕ್ಕೆ ಅಂಟಿಕೊಂಡು ಹಿಂದೆ ಬರಲೊಲ್ಲೆ ಎನ್ನುತ್ತಿತ್ತು. ಆದರೆ ಲೂಕಿಚ್‌ನ ನಾಲಿಗೆ ಮಾತ್ರ ಹೆಪ್ಪುಗಟ್ಟಿರಲಿಲ್ಲ.

ಆ ದಿಂಬು ಸತ್ತವರ ಪದಕಗಳನ್ನು ಇಡುವುದಕ್ಕೆ. ಪೆಲಗೇಯಾಳಿಗೆ ಪದಕ ಒಂದೂ ಇರಲಿಲ್ಲ. ಲೋಹದ ಗೋದಾಮಿನ ಗೇಟು ಕಾಯ್ದ ಹೆಂಗಸಿಗೆ ಯಾರು ಕೊಡುತ್ತಾರೆ? “ಖಾಲಿ ದಿಂಬು ನಾನು ಹೊರೋನಲ್ಲ” ಎಂದು, ಅದೇ ಗೇಟಿನಲ್ಲಿ ಅವಳ ಜೊತೆ ಕಾವಲಿದ್ದ ಲೂಕಿಚ್, ಅವಳ ಮನೆಯ ಗೋಡೆಯ ಮೊಳೆಯಲ್ಲಿದ್ದ ರಿವಾಲ್ವರಿನ ಒರೆಯನ್ನು ತೆಗೆದು ದಿಂಬಿನ ಮೇಲಿಟ್ಟಿದ್ದ. ಸವೆದ ಚರ್ಮದ ಒರೆ, ಹೊಟ್ಟೆ ಉಬ್ಬಿಕೊಂಡಿತ್ತು.

“ಲೂಕಿಚ್ ಮಾಮಾ, ಇವತ್ತಾದ್ರೂ ಸ್ವಲ್ಪ ಕಡಿಮೆ ಮಾಡಿ” ಎಂದಳು ಸತ್ತವಳ ಮಗಳು ರಯಿಸಾ.

“ಕಡಿಮೆ ಮಾಡೇ ಹೇಳ್ತಿದ್ದೀನಿ ತಾಯಿ. ನಿಜ ಹೇಳಿದ್ರೆ ಹನ್ನೊಂದು.”

ಸ್ಮಶಾನದ ಬಾಗಿಲಲ್ಲಿ ಪೊಲೀಸ್ ಕ್ಯಾಪ್ಟನ್ ಝಾರೋವ್ ಕೈ ಅಡ್ಡ ಹಿಡಿದ.

“ಬೆಳಿಗ್ಗೆ ಬ್ರೆಡ್ ಅಂಗಡಿಯಲ್ಲಿ ನೀವು ಹೇಳಿದ್ರಂತೆ. ಸರ್ಕಾರಿ ರಿವಾಲ್ವರ್ ಈ ಒರೆಯಲ್ಲೇ ಇದೆ, ಅವಳ ಜೊತೆ ಮಣ್ಣಿಗೆ ಹಾಕ್ತೀನಿ ಅಂತ.”

“ಹೇಳಿದೆ. ಹಾಕ್ತೀನಿ.”

“ಒರೆ ಬಿಚ್ಚಿ, ತಾತ.”

“ಅವಳು ಬದುಕಿದ್ದಾಗ ಯಾರೂ ಬಿಚ್ಚಿಸಲಿಲ್ಲ. ಈಗ ನೀನು ಬಿಚ್ಚಿಸ್ತೀಯಾ?”

ಹೊತ್ತವರು ಪೆಟ್ಟಿಗೆಯನ್ನು ಎರಡು ಸ್ಟೂಲುಗಳ ಮೇಲೆ ಇಳಿಸಿದರು.

*

ಸೈನ್ಯಕ್ಕೆ ಟಿಟಿ ಪಿಸ್ತೂಲು ಬಂದಾಗ ಪೆಲಗೇಯಾ ಇನ್ನೂ ಹುಟ್ಟಿರಲಿಲ್ಲ. ಅದರ ಜಾಗಕ್ಕೆ ಮಕಾರೊವ್ ಪಿಸ್ತೂಲು ಬಂದಾಗ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಅವಳು ಗೇಟಿನ ಕೆಲಸಕ್ಕೆ ಸೇರಿದಾಗ ಕೈಗೆ ಸಿಕ್ಕಿದ್ದು ಮಾತ್ರ ತ್ಸಾರನ ಕಾಲದ ಮಾದರಿಯ ನಗಾನ್ ರಿವಾಲ್ವರು. ಹೊಸತು ಸೈನಿಕರಿಗೆ, ಪೊಲೀಸರಿಗೆ. ಅವರು ಒಲ್ಲೆ ಎಂದದ್ದು ಕಾವಲು ಹೆಂಗಸರಿಗೆ. ಊರೆಲ್ಲ ಬಂದೂಕು ಮಾಡಿ ಬದುಕಿದರೂ ಕಮ್ಮಾರನ ಮನೆಯಲ್ಲಿ ಕುಡುಗೋಲಿಗೆ ಬರವೇ. ಆ ನಗಾನ್‌ನ ಟ್ರಿಗರ್ ಎಳೆಯಲು ಎರಡು ಬೆರಳು ಬೇಕಿತ್ತು. ಲೂಕಿಚ್ ಹೇಳುವಂತೆ, ಎರಡು ಎತ್ತು.

“ಇದು ನಿನಗಿಂತ ಮುದುಕ, ಪೆಲಗೇಯಾ” ಎಂದು ಕಾವಲಿನ ಮುಖ್ಯಸ್ಥ ನಕ್ಕಿದ್ದ.

“ಇರಲಿ ಬಿಡಿ. ಕುಡಿಯೋದಿಲ್ವಲ್ಲ” ಎಂದಿದ್ದಳು. ಅವಳ ಗಂಡನನ್ನು ಬಲ್ಲವರೆಲ್ಲ ತಲೆ ತಗ್ಗಿಸಿದ್ದರು.

ಆಮೇಲೆ ಸೋವಿಯತ್ ದೇಶ ಒಡೆಯಿತು. ಸಂಬಳ ನಿಂತಿತು. ತಾಮ್ರಕ್ಕೆ ಬಂಗಾರದ ಬೆಲೆ ಬಂದು, ಗೋದಾಮುಗಳ ಮುಂದೆ ಗುರುತಿಲ್ಲದ ಲಾರಿಗಳು ಸುಳಿಯತೊಡಗಿದವು. ಕಾವಲಿನವರು ಒಬ್ಬೊಬ್ಬರಾಗಿ ಬಿಟ್ಟುಹೋದರು. ನೀನೂ ಮನೆಗೆ ಹೋಗು ಎಂದರೆ ಪೆಲಗೇಯಾ, “ಗೇಟು ಎಲ್ಲಿಗೂ ಹೋಗಿಲ್ವಲ್ಲ” ಎಂದು ಬೆಲ್ಟು ಬಿಗಿದುಕೊಂಡಳು.

*

“ಬಿಚ್ಚದಿದ್ರೆ ಮಗಳನ್ನ ಠಾಣೆಗೆ ಕರಕೊಂಡು ಹೋಗಬೇಕಾಗುತ್ತೆ” ಎಂದ ಕ್ಯಾಪ್ಟನ್. ದನಿಯಲ್ಲಿ ಗದರಿಕೆ ಇರಲಿಲ್ಲ. ಅದೇ ಲೂಕಿಚ್‌ಗೆ ಹೆದರಿಕೆ ಹುಟ್ಟಿಸಿತು. “ಆಯುಧ ಮನೆಯಲ್ಲಿ ಇಟ್ಕೊಂಡಿದ್ದು ಅವರು. ಮಣ್ಣು ಮಾಡೋದು ನಾಳೆಗೆ ಹೋಗುತ್ತೆ.”

ಲೂಕಿಚ್ ಒರೆಯನ್ನು ಎದೆಗೆ ಒತ್ತಿಕೊಂಡ. ಬಿಚ್ಚಿದರೆ ಊರಲ್ಲಿ ಪೆಲಗೇಯಾಳ ಹೆಸರು ಅಲ್ಲಿಗೆ ಮುಗಿಯಿತು. ಬಿಚ್ಚದಿದ್ದರೆ ಅವಳ ಮಗಳು ತಾಯಿಗೆ ಮಣ್ಣು ಹಾಕಬೇಕಾದ ಹೊತ್ತಿಗೆ ಠಾಣೆಯ ಬೆಂಚಿನಲ್ಲಿ.

“ಮಾಮಾ,” ರಯಿಸಾ ಮೆಲ್ಲನೆ ಅಂದಳು, “ಅಮ್ಮ ಚಳಿಯಲ್ಲಿದ್ದಾಳೆ.”

ಅವನೇ ಗುಂಡಿ ತೆಗೆದ. ಒಳಗಿಂದ ಬಂದದ್ದು ಉಣ್ಣೆಯ ಒಂದು ಕೈಗವಸು, ಹೆಬ್ಬೆರಳಿನಲ್ಲಿ ತೇಪೆ ಹಾಕಿದ್ದು. ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕೆಂದರು.

“ರಿವಾಲ್ವರ್ ಎಲ್ಲಿ?”

“ಅದನ್ನ ಸಂಬಳ ನಿಂತ ವರ್ಷವೇ ವಾಪಸ್ ತಗೊಂಡು ಹೋದ್ರು, ಕಾಮ್ರೇಡ್ ಕ್ಯಾಪ್ಟನ್. ಬದಲಿಗೆ ಮಕಾರೊವ್ ಬರುತ್ತೆ ಅಂದ್ರು. ಬರಲಿಲ್ಲ. ಒರೆ ಚಪ್ಪಟೆ ಕಾಣಬಾರದು ಅಂತ ಆವತ್ತೇ ಇದನ್ನ ನಾನೇ ತುರುಕಿದ್ದು.”

ಕ್ಯಾಪ್ಟನ್ ತನ್ನ ಸೊಂಟದ ಹೊಸ ಪಿಸ್ತೂಲನ್ನು ತಿಳಿಯದೆಯೇ ಒಮ್ಮೆ ಮುಟ್ಟಿಕೊಂಡ.

“ಮತ್ತೆ ಆ ಒಂಬತ್ತು ಕಳ್ಳರು?” ರಯಿಸಾ ಕೇಳಿದಳು.

“ಮೂವರು.”

“ಗುಂಡು?”

“ಗುಂಡೆಲ್ಲಿಂದ ಬರಬೇಕು ತಾಯಿ. ಅವರ ಕೈಯಲ್ಲಿ ಕಬ್ಬಿಣದ ಸಲಾಕೆ. ಇವಳು ಗೇಟಿನ ನಡುವೆ ಹೋಗಿ ನಿಂತು, ಒರೆಯ ಗುಂಡಿ ತೆಗೆದು ಕೈ ಒಳಗೆ ಹಾಕಿದ್ಲು. ಅವರು ಅವಳ ಮುಖ ನೋಡಿದ್ರು, ಆ ಕೈ ನೋಡಿದ್ರು. ಲಾರಿ ಹಾಗೇ ಹಿಂದಕ್ಕೆ ಹೋಯ್ತು, ತಿರುಗಿಸೋಕೂ ನಿಲ್ಲಲಿಲ್ಲ.” ಲೂಕಿಚ್ ಮೂಗು ಒರೆಸಿಕೊಂಡ. ಈ ಸಲ ಅವನು ಏನನ್ನೂ ಸೇರಿಸಲಿಲ್ಲ. “ಲಾರಿಯ ಸದ್ದು ಅಡಗಿದ ಮೇಲೂ ಅವಳು ಕೈ ತೆಗೀಲಿಲ್ಲ. ಇನ್ನೂ ಯಾಕೆ ಹಾಗೇ ನಿಂತಿದ್ದೀಯಾ ಮಾರಾಯ್ತಿ ಅಂದೆ. ‘ಇರು ಲೂಕಿಚ್,’ ಅಂದ್ಲು, ‘ಒಳಗೆ ಬೆಚ್ಚಗಿದೆ.’”