ಹಳದಿ ಬಣ್ಣದ ಅಡಿಯಲ್ಲಿ

ಚಂಪಾ ಗಂಡನ ಅಂಗಿಯ ಜೇಬಿನೊಳಗೆ ಕೈ ಇಳಿಸಿದಾಗ ಕೆಂಪು ಪ್ಲಾಸ್ಟಿಕ್ಕಿನ ಚಾವಿಯೊಂದು ಬೆರಳಿಗೆ ಸಿಕ್ಕಿತು.

"ಅದರಲ್ಲೇನು ಹುಡುಕ್ತೀ? ಮೈಮೇಲಿದ್ದ ಬಟ್ಟೆ ಅವನ ಜೊತೆಗೇ ಹೋಗಬೇಕು, ಕೊಡು ಇಲ್ಲಿ," ಎಂದು ಓರಗಿತ್ತಿ ಸತ್ಯಮ್ಮ ಕೈ ಚಾಚಿದಳು.

ಚಂಪಾ ಅಂಗಿ ಕೊಟ್ಟಳು. ಚಾವಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಡೊಂಬಿವಲಿಯ ಆ ಎರಡು ಕೋಣೆಯ ಮನೆಯ ಹಾಲ್‌ನಲ್ಲಿ ತಾರಾನಾಥನನ್ನು ಮಲಗಿಸಿದ್ದರು. ಮಣ್ಣು ಅಗೆಯುವ ಪೊಕ್ಲೇನ್‌ಗಳ ವಯರಿಂಗ್ ಕೆಟ್ಟರೆ ಸರಿಮಾಡುವುದು ಅವನ ಕೆಲಸ. ನಿನ್ನೆ ಸಂಜೆ ಶಹಾಡ್ ಸ್ಟೇಷನ್ನಿನ ಬೆಂಚಿನಲ್ಲಿ ಲೋಕಲ್‌ಗೆ ಕಾಯುತ್ತ ಕೂತವನು ಹಾಗೆಯೇ ಪಕ್ಕಕ್ಕೆ ಒರಗಿದನಂತೆ. ನಿದ್ದೆ ಎಂದುಕೊಂಡರಂತೆ ಜನ. ಆಗಿನಿಂದ ಚಂಪಾಳಿಗೆ ಎಲ್ಲವೂ ನೀರಿನಡಿಯಿಂದ ಕಂಡಂತೆ ಕಾಣುತ್ತಿತ್ತು. ಬಂದವರ ತುಟಿ ಅಲುಗಿದ ಎಷ್ಟೋ ಹೊತ್ತಿನ ಮೇಲೆ ಮಾತು ಅವಳನ್ನು ಮುಟ್ಟುತ್ತಿತ್ತು.

"ಅಂಬರನಾಥದ ನನ್ನ ಹೋಟೆಲಲ್ಲಿ ಗಲ್ಲಾಪೆಟ್ಟಿಗೆ ಮುಂದೆ ಕೂತ್ಕೋ ಮಾರಾಯ ಅಂತ ಎಷ್ಟು ಹೇಳಿದೆ," ಎಂದು ಬಾವ ಜಯಶೀಲ ನೆರೆಯವರೊಡನೆ ಅನ್ನುತ್ತಿದ್ದ. "ಕೇಳಲಿಲ್ಲ. ಇವತ್ತು ಆ ಶಹಾಡಿನ ಮೆಷೀನಿನ ಸೇಠ್ ಫೋನಲ್ಲಿ ಏನು ಹೇಳಿದ ಗೊತ್ತುಂಟಾ? ನಿನ್ನ ತಮ್ಮನಿಗೆ ವಯಸ್ಸಾಗಿತ್ತು, ಫಾಲ್ಟ್ ಹುಡುಕಲಿಕ್ಕೆ ಆಗಲಿಲ್ಲ ಅಂತೆ. ಹೆಣದ ಮುಂದೆ ಕೂತವನ ಹತ್ರ ಹೇಳುವ ಮಾತಾ ಅದು?"

"ಛೆ, ಛೆ," ಎಂದರು ಯಾರೋ.

ಫಾಲ್ಟ್ ಸಿಕ್ಕಿತ್ತು ಎನ್ನಲು ಚಂಪಾ ಬಾಯಿ ತೆರೆದಳು. ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

*

ಮಗ ಅಕ್ಷಿತ್ ಇನ್ನೂ ಸೊಂಟದ ಮೇಲಿದ್ದ ಕಾಲ. ಒಂದು ಭಾನುವಾರ ತಾರಾನಾಥ ಅವಳನ್ನೂ ರಬಾಳೆಗೆ ಕರೆದೊಯ್ದಿದ್ದ. ಅರ್ಧ ಕಡಿದ ಗುಡ್ಡದ ಮೇಲೆ ಪೊಕ್ಲೇನ್ ಒಂದು ಕತ್ತು ಬಗ್ಗಿಸಿ, ನೀರು ಕುಡಿಯಲು ಬಂದು ಮರೆತಂತೆ ನಿಂತಿತ್ತು. ಅವನು ಮೊದಲು ಬ್ಯಾಟರಿಯ ಕರೆಂಟು ಕಡಿಯುವ ಕೆಂಪು ಚಾವಿ ಕಿತ್ತು ಜೇಬಿಗೆ ಹಾಕಿದ.

"ನಾನು ಇದರ ಹೊಟ್ಟೆಯೊಳಗೆ ಇರುವಾಗ ಯಾರಾದ್ರೂ ಸ್ಟಾರ್ಟ್ ಮಾಡಿದ್ರೆ? ಕೆಲಸ ಮುಗಿಯುವವರೆಗೆ ಇದು ನನ್ನ ಹತ್ರವೇ."

ವಯರುಗಳನ್ನೆಲ್ಲ ಬಿಗಿದು ಚಾವಿ ಹಾಕಿ, ವಯರಿಗೆ ಕಟ್ಟಿದ ಪುಟ್ಟ ಬಲ್ಬನ್ನು ಅವಳ ಕೈಗೆ ಕೊಟ್ಟ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಬಲ್ಬು. ಅವನು ಒಳಗೆಲ್ಲೋ ಮುಟ್ಟಿದಾಗ ಅದು ಮಂಕಾಗಿ ಹೊತ್ತಿತು.

"ನೋಡಿದಿಯಾ? ಬ್ಯಾಟರಿಯಿಂದ ಕರೆಂಟ್ ಹೋಗುವ ದಾರಿ ಎಲ್ಲರೂ ನೋಡ್ತಾರೆ. ವಾಪಸ್ ಬರುವ ದಾರಿ ಯಾರೂ ನೋಡುದಿಲ್ಲ. ಈ ಕಬ್ಬಿಣದ ಮೈಯೇ ಅದರ ದಾರಿ."

ಮತ್ತೊಂದು ಬೋಲ್ಟ್ ಉಜ್ಜಿ ಬಿಗಿದ. ಬಲ್ಬು ಝಗ್ಗೆಂದಿತು, ಮಗುವಿನ ಕಣ್ಣಲ್ಲಿ ಎರಡು ಸಣ್ಣ ದೀಪ.

ಅಂದಿನಿಂದ ಅವನು ದಿನಾ ಸಂಜೆ ಚಾ ಕುಡಿಯುತ್ತ, ಬೇರೆಯವರು ತರಕಾರಿ ರೇಟು ಹೇಳಿದಂತೆ, ಅಂದಿನ ಫಾಲ್ಟ್ ಹೇಳುತ್ತಿದ್ದ. ಅವಳಿಗೆ ಅರ್ಧ ತಿಳಿಯುತ್ತಿತ್ತು. ಕೆಲವೊಮ್ಮೆ ಕನಸಲ್ಲಿ ಕರೆಂಟು ಮನೆಗೆ ದಾರಿ ಕೇಳುತ್ತ ಅಲೆಯುವುದನ್ನು ಕಾಣುತ್ತಿದ್ದಳು.

ನಿನ್ನೆ ಸಂಜೆ ಪ್ಲಾಟ್‌ಫಾರ್ಮಿನಿಂದಲೇ ಫೋನ್ ಮಾಡಿದ್ದ.

"ಸಿಕ್ಕಿತು ಮಾರಾಯ್ತಿ! ಮೆಷೀನು ಎಡಕ್ಕೆ ತಿರುಗಿದ ಕೂಡಲೇ ಸಾಯ್ತಿತ್ತಲ್ಲ, ಆ ಫಾಲ್ಟ್. ದಸರಾ ಪೂಜೆಗೆ ಅಂತ ಡ್ರೈವರ್ ಬಾಲಪ್ಪ ಮೆಷೀನಿಗೆಲ್ಲ ಹೊಸ ಬಣ್ಣ ಬಳಿದಿದ್ದಾನೆ. ಕರೆಂಟ್ ವಾಪಸ್ ಬರುವ ಅರ್ತಿನ ಬೋಲ್ಟ್ ಬಿಚ್ಚಿ ಅದರಡಿಗೂ ಬಳಿದು ಮೇಲೆ ಬಿಗಿ ಮಾಡಿದ್ದಾನೆ, ಭಕ್ತಿಯಲ್ಲಿ. ಬಣ್ಣದ ಮೇಲೆ ಕರೆಂಟ್ ನಡೀತದಾ?"

"ಹೇಳಿ ಬಂದ್ರಾ?"

"ಹೇಗೆ ಹೇಳುದು? ಸೇಠ್ ಅಲ್ಲೇ ನಿಂತಿದ್ದ. ಬಾಲಪ್ಪನ ಕೆಲಸ ಹೋಗ್ತದೆ. ಸಿಗಲಿಲ್ಲ ಅಂತ ಹೇಳಿ ಬಂದೆ. ನಾಳೆ ಯಾರೂ ಇಲ್ಲದಾಗ ಕೆರೆದು ಕಟ್ತೇನೆ."

"ಮತ್ತೆ ನಿಮಗೆ ಬೈದನಾ?"

"ಬೈದ. ಒಂದು ದಿನ ಬೈಸಿಕೊಂಡ್ರೆ ಏನಾಗ್ತದೆ? ಟ್ರೈನ್ ಬರುವ ಹೊತ್ತಾಯ್ತು, ಇಡ್ತೇನೆ."

*

ಚಪ್ಪಲಿಗಳ ರಾಶಿ ದಾಟಿ ಒಳಬಂದ ಬಾಲಪ್ಪ ಹೆಣದ ಕಾಲಿಗೆ ಹಣೆ ಹಚ್ಚಿ ಬಹಳ ಹೊತ್ತು ಏಳಲಿಲ್ಲ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ವೈನಿ, ಇಂಥಾ ಹೊತ್ತಿನ್ಯಾಗ ಕೇಳಬಾರದ್ರಿ. ಅಣ್ಣಾರ ಕಡೆ ಮಶೀನಿನ ಚಾವಿ ಇತ್ತೇನ್ರಿ? ರಸ್ತೆ ನಡುವ ಗುಂಡಿ ತೆಗೆದು ಹಂಗೇ ನಿಂತೈತ್ರಿ. ಸೇಠ್ ಬ್ಯಾರೆ ಚಾವಿ ಹಾಕು ಅಂತಾನ. ಅಣ್ಣಾರು ಒಳಗ ಏನ್ ಬಿಚ್ಚಿಟ್ಟಾರೋ, ನಾ ಒಲ್ಲೆ ಅಂದೆ."

"ಇವರ ಬಗ್ಗೆ ಏನಂದ ಸೇಠ್?"

ಬಾಲಪ್ಪ ತಲೆ ತಗ್ಗಿಸಿದ. "ಕೆಲಸ ಮರೆತಿದ್ದ ಅಂದಾನ್ರಿ. ನಾ ಜಗಳಾ ತೆಗೆದು ಬಂದೀನಿ."

ಅವನ ಉಗುರುಗಳ ಸಂದಿಯಲ್ಲಿ ಹಳದಿ ಬಣ್ಣ ಇನ್ನೂ ಉಳಿದಿತ್ತು. ಚಂಪಾ ಅದನ್ನೇ ನೋಡಿದಳು. ಹಾಲ್‌ಗೆ ಕೇಳುವಂತೆ ಒಂದೇ ಒಂದು ಮಾತು ಆಡಿದರೆ ಸಾಕು, ಗಂಡ ಸೋತವನಾಗಿ ಮನೆಯಿಂದ ಹೊರಡುವುದಿಲ್ಲ. ಆದರೆ ಬಾವ ಅದೇ ಗಳಿಗೆಗೆ ಸೇಠ್‌ಗೆ ಫೋನ್ ಹಚ್ಚುತ್ತಾನೆ.

ಹೊರಗಿನಿಂದ ಜಯಶೀಲನ ದನಿ ಬಂತು. "ಯಾರದು? ಸೇಠನ ಕಡೆಯವನಾ? ಹೇಳು ಅವನಿಗೆ, ಹುಡುಕಲಿಕ್ಕೆ ಆಗಲಿಲ್ಲ ಆದ್ರೆ ಆಗಲಿಲ್ಲ. ಮನುಷ್ಯನೇ ಹೋದ!"

ಚಂಪಾ ಸೆರಗಿನ ಗಂಟು ಬಿಚ್ಚಿದಳು. ದನಿ ತಗ್ಗಿಸಿದಳು.

"ಬಾಲಪ್ಪ, ಅರ್ತಿನ ದಪ್ಪ ವಯರು ಉಂಟಲ್ಲ, ಅದರ ಬೋಲ್ಟಿನಡಿ ಬಣ್ಣ ಉಂಟಂತೆ. ಕಬ್ಬಿಣ ಕಾಣುವವರೆಗೆ ಕೆರೆದು ಕಟ್ಟಿ. ಬೇರೆ ಏನೂ ಕೆಟ್ಟಿಲ್ಲ. ಸೇಠ್ ಇಲ್ಲದಾಗ ಮಾಡಿ."

ಬಾಲಪ್ಪ ಬೆರಳುಗಳನ್ನು ಮಡಚಿಕೊಂಡ. "ಅಣ್ಣಾರಿಗೆ ಗೊತ್ತಿತ್ತೇನ್ರಿ?"

"ನಿನ್ನೆ ಫೋನಲ್ಲಿ ಹೇಳಿದ್ರು."

"ಮತ್ತ ಸೇಠನ ಮುಂದ ಯಾಕ ಹೇಳಲಿಲ್ರಿ..." ಎಂದವನು ತನ್ನ ಹಳದಿ ಉಗುರುಗಳನ್ನು ನೋಡಿಕೊಂಡ.

ಅವಳು ಚಾವಿಯನ್ನು ಅವನ ಅಂಗೈಯಲ್ಲಿಟ್ಟಳು.

"ಮಮ್ಮಿ, ಗಾಡಿ ಆ ಗಯೀ," ಎಂದ ಅಕ್ಷಿತ್ ಬಾಗಿಲಲ್ಲಿ. ಅವನ ದನಿ ಒಡೆದಿತ್ತು.

*

ಗಂಡಸರು ತಾರಾನಾಥನನ್ನು ಹೊತ್ತು ಮೆಟ್ಟಿಲಿಳಿದರು. ಹಾಲ್ ಇದ್ದಕ್ಕಿದ್ದಂತೆ ದೊಡ್ಡದಾಯಿತು. ಸತ್ಯಮ್ಮ ಬಕೆಟ್ ನೀರು ಚೆಲ್ಲಿ ನೆಲ ತೊಳೆಯತೊಡಗಿದಳು. ಮಿಂದು ಬಂದ ಚಂಪಾ ಒದ್ದೆ ಕೂದಲಲ್ಲಿ ಗೋಡೆಗೊರಗಿ ನಿಂತಿದ್ದಳು. ಎಷ್ಟೋ ಹೊತ್ತಿನ ಮೇಲೆ ಫೋನ್ ಬಡಿದುಕೊಂಡಿತು.

ಆ ಕಡೆ ಇಂಜಿನಿನ ಸದ್ದು ಮಾತ್ರ. ಅದರ ಮೇಲೆ ದೂರದಿಂದ ಒಬ್ಬ, ಮೆಷೀನು ಹೇಗೆ ಚಾಲೂ ಆಯಿತೆಂದು ಕೂಗಿದ.

"ಅರೇ, ಚಾಲೂ ಕೈಸೆ ಹುವಾ?"

"ತಾರಾನಾಥ ಅಣ್ಣಾನೇ ಕಲ್ ಹೀ ಪಕಡಾ ಥಾ, ಸೇಠ್!" ಬಾಲಪ್ಪ ಇಂಜಿನಿಗಿಂತ ಜೋರಾಗಿ ಕೂಗುತ್ತಿದ್ದ. "ಗಲತೀ ಮೇರೀ ಥೀ. ರಂಗ್ ಮೈನೇ ಲಗಾಯಾ ಥಾ!"

ಅಣ್ಣ ನಿನ್ನೆಯೇ ಫಾಲ್ಟ್ ಹಿಡಿದಿದ್ದರು, ಬಣ್ಣ ಬಳಿದ ತಪ್ಪು ತನ್ನದು ಎಂದವನಿಗೆ ಸೇಠ್ ಹೇಳಿದ್ದು ಸದ್ದಿನಲ್ಲಿ ಮುಳುಗಿತು. ಆಮೇಲೆ ಬಾಲಪ್ಪನ ದನಿ ಕಿವಿಗೆ ಹತ್ತಿರವಾಯಿತು. "ವೈನಿ, ಕೇಳ್ತೈತೇನ್ರಿ? ಈಗ ಎಡಕ್ಕ ತಿರಗಸ್ತೀನ್ರಿ."

"ಯಾರದು ಫೋನು?" ಎಂದಳು ಸತ್ಯಮ್ಮ, ಕಸಬರಿಕೆ ಹಿಡಿದ ಕೈ ತಡೆದು.

ಇಂಜಿನಿನ ದನಿ ಭಾರವಾಯಿತು, ಏರಿತು. ಫೋನನ್ನು ಕಿವಿಗೆ ಒತ್ತಿಕೊಂಡೇ ಇದ್ದ ಚಂಪಾಳ ಭುಜ ಮೆಲ್ಲಗೆ ಎಡಕ್ಕೆ ತಿರುಗಿತು, ಆಮೇಲೆ ಸೊಂಟ, ಆಮೇಲೆ ಒದ್ದೆ ನೆಲದ ಮೇಲೆ ಪಾದ. ಕಣ್ಣೆದುರು ಗೋಡೆ ದಾಟಿತು, ಬಾಗಿಲು ದಾಟಿತು. ಇಂಜಿನ್ ನಿಲ್ಲಲಿಲ್ಲ. ಕಣ್ಣು ಮುಚ್ಚಿಕೊಂಡು ಅವಳು ಇನ್ನೂ ತಿರುಗುತ್ತಲೇ ಇದ್ದಳು.