ಮೊದಲ ಸಾಲಿನ ಹಾವುರಾಣಿ

ಹಾವು ಕಂಡರೆ ಮೂರು ಮಾರು ದೂರ ಹಾರುವ ನಾನು, ಹಾವು ಹಿಡಿಯುವುದನ್ನೇ ಕುಲಕಸುಬು ಮಾಡಿಕೊಂಡ ಇರುಳರ ಕಥೆ ಹೇಳಲು ಹೊರಟಿದ್ದು ಅಧಿಕಪ್ರಸಂಗವೇ ಸರಿ. ಅವರಲ್ಲೊಬ್ಬಳಾದ ಪೂಂಗಾವನಂ ತಾನೇ ಹೇಳಿದ್ದರೆ ಚೆನ್ನಾಗಿರುತ್ತಿತ್ತು. "ನಂಗ್ಯಾಕಪ್ಪಾ ಆ ಉಸಾಬರಿ, ನೀನೇ ಏನಾದ್ರೂ ಬರ್ಕೋ" ಎಂದು ಅವಳು ನಕ್ಕು ಎದ್ದುಹೋದಳು. ತಪ್ಪುಗಳಿದ್ದರೆ ನನ್ನವು, ಕ್ಷಮಿಸಬೇಕು.

"ಒಂದು ಹಾವು ಹಿಡ್ಕೊಂಡು ಬಂದು ಈ ಮೇಜಿನ ಮುಂದೆ ಬಿಡೇ ಲೌಡಿ, ಆಮೇಲೆ ನೀನು ಇರುಳರೋಳು ಅಂತ ನಂಬ್ತೀನಿ," ಎಂದ ಕಂದಾಯ ಅಧಿಕಾರಿ ಸೌಂದರರಾಜನ್. "ಕಾಲಿಗೆ ಚಪ್ಪಲಿ, ತಲೆಗೆ ಕನಕಾಂಬರ! ಕಾಡಿನ ಜನವಂತೆ!"

ಗುಮಾಸ್ತರಿಬ್ಬರೂ ನಕ್ಕರು. ಪೂಂಗಾವನಂ ಚಪ್ಪಲಿ ಕಳಚಿ ಬಾಗಿಲಾಚೆ ಇಟ್ಟು ಬಂದಳು. ಜಾತಿ ಪ್ರಮಾಣಪತ್ರಕ್ಕೆಂದು ಅವಳು, ನಾದಿನಿ ದೇಸಮ್ಮ ಇಬ್ಬರೂ ಒಂಬತ್ತನೇ ಸಲ ಈ ಕಚೇರಿಯ ಮೆಟ್ಟಿಲು ಹತ್ತಿದ್ದರು.

"ಹಿಡಿಯೋಕಾಗಲ್ಲ ಸಾಮಿ."

"ಬರಲ್ಲ ಅನ್ನು."

"ಬರುತ್ತೆ. ಆದ್ರೆ ಆಗಲ್ಲ. ನಾನು ಹಾವು ಹಿಡಿದ್ರೆ ಫಾರೆಸ್ಟ್ ಗಾರ್ಡು ನನ್ನ ಹಿಡೀತಾನೆ. ನಮ್ಮ ಪನೈಮೇಡು ಈಗ ಮೊದಲನೇ ಸಾಲಲ್ಲೈತೆ."

ಅದನ್ನು ಮೊದಲ ಸಾಲಿಗೆ ತಂದವಳು ಸ್ವತಃ ಪೂಂಗಾವನಂ.

ಹೋದ ವರ್ಷ ಜಲ್ಲಿ ಕ್ರಷರ್‌ನವರು ಪನೈಮೇಡಿನ ಕುರುಚಲು ಕಾಡಿಗೆ ಗೂಟ ಹೊಡೆಯುತ್ತಿದ್ದಾಗಲೇ ಚೆನ್ನೈಯಿಂದ ಜೆಸಿಂತಾ ಮೇಡಂ ಜೀವಿಗಳ ಪಟ್ಟಿ ಮಾಡಲು ಬಂದಿದ್ದಳು. ಬಿದ್ದ ತಾಳೆಮರದ ಅಡಿಗೆ ಪೂಂಗಾವನಂ ಕೈಹಾಕಿ ಬೆರಳುದ್ದದ, ಕಾಲಿಲ್ಲದ ಹಾವುರಾಣಿಯೊಂದನ್ನು ತೆಗೆದು ಕೊಟ್ಟಳು.

"ಇದು ಎಲ್ಲಾ ಕಡೆ ಇರೋದೇ ಅಕ್ಕಾ. ಮೂರನೇ ಸಾಲು," ಎಂದು ಮೇಡಂ ಬರೆದುಕೊಂಡಳು.

"ಸಾಲು ಅಂದ್ರೆ? ಮದುವೆ ಊಟದ ಪಂಕ್ತಿ ಥರಾನಾ?"

"ಹಂಗೇ ಅನ್ಕೊಳ್ಳಿ. ಉಳಿಸೋ ಕೈ ಕಮ್ಮಿ, ಉಳೀಬೇಕಾದ ಜೀವ ಜಾಸ್ತಿ. ಬೇರೆಲ್ಲೂ ಇಲ್ಲದ ಜಾತಿಗೆ ಮೊದಲ ಸಾಲು. ಅದು ಇರೋ ಜಾಗಾನ ಮೊದಲು ಉಳಿಸ್ತಾರೆ."

"ಕೊನೇ ಪಂಕ್ತಿ ಗತಿ ನಮಗೆ ಗೊತ್ತು ಬಿಡಮ್ಮ, ಎಲೆ ಹಾಕೋ ಹೊತ್ತಿಗೆ ಸಾರೇ ಇರಲ್ಲ." ಪೂಂಗಾವನಂ ಹುಳುವಿನಂಥ ಆ ಜೀವವನ್ನು ಅಂಗೈ ಮೇಲೆ ಆಡಿಸಿದಳು. "ಆದ್ರೆ ಇದು ಅದಲ್ಲ. ಎಲ್ಲಾ ಕಡೆ ಇರೋದು ಮೊಟ್ಟೆ ಇಡುತ್ತೆ. ಇದು ಮರಿ ಹಾಕುತ್ತೆ."

"ಸುಮ್ನಿರಿ ಅಕ್ಕಾ, ತಮಾಷೆ ಮಾಡ್ಬೇಡಿ."

ಇಪ್ಪತ್ತು ದಿನ ಕಳೆದು ಪೂಂಗಾವನಂ ಅದೇ ದಿಮ್ಮಿಯನ್ನು ಉರುಳಿಸಿ ತೋರಿಸಿದಳು. ತಾಯಿಯ ಬಾಲಕ್ಕೆ ಅಂಟಿಕೊಂಡು ಎರಡು ಮರಿ, ಮೂರನೆಯದು ಇನ್ನೂ ಹೊರಬರುತ್ತಿತ್ತು. ಮೇಡಂ ಮುಳ್ಳೂ ನೋಡದೆ ನೆಲದ ಮೇಲೆ ಕುಕ್ಕರಿಸಿದಳು.

ಎಂಟು ತಿಂಗಳಿಗೆ ಕಾಗದ ಬಂತು: ಹೊಸ ಜಾತಿ, ಮೊದಲ ಸಾಲು. ಕ್ರಷರ್‌ನವರು ಗೂಟ ಕಿತ್ತುಕೊಂಡು ಹೋದರು. ಅವರ ಹಿಂದೆಯೇ ಅರಣ್ಯ ಇಲಾಖೆಯ ಬೇಲಿ ಬಂತು, ಬೇಲಿಯ ಹಿಂದೆ ನೋಟಿಸು. ಒಳಗಿರುವ ಹನ್ನೊಂದು ಗುಡಿಸಲಿನವರಲ್ಲಿ ಬುಡಕಟ್ಟಿನವರೆಂಬ ಪ್ರಮಾಣಪತ್ರ ಇದ್ದವರು ಇರಬಹುದು. ಇಲ್ಲದವರು ಒತ್ತುವರಿದಾರರು, ತಿಂಗಳ ಕೊನೆಯೊಳಗೆ ಜಾಗ ಖಾಲಿ ಮಾಡಬೇಕು. ಹನ್ನೊಂದರಲ್ಲಿ ಒಬ್ಬರ ಬಳಿಯೂ ಅದಿರಲಿಲ್ಲ.

"ಹಾವುರಾಣಿಗೆ ಎಂಟು ತಿಂಗಳಿಗೆ ಜಾತಿ ಸಿಕ್ತು," ಎಂದಿದ್ದಳು ದೇಸಮ್ಮ. "ನಮ್ಮಪ್ಪ ಅರ್ಜಿ ಹಾಕಿ ಅರ್ಜಿ ಹಾಕೇ ಸತ್ತ. ಮುಂದಿನ ಜನ್ಮಕ್ಕಾದ್ರೂ ಕಾಲಿಲ್ದೆ ಹುಟ್ಟೋಣ ಬಿಡೇ ಅತ್ತಿಗೆ."

ಈಗ ಸೌಂದರರಾಜನ್ ಮೇಜು ಗುದ್ದಿದ. "ಆ ಕಾಡಿಂದು ಬೇಡ, ಎಲ್ಲಿಂದಾದ್ರೂ ತಾ!"

"ಆಯ್ತು ಸಾಮಿ. 'ಹಾವು ಹಿಡಿದು ತಾ' ಅಂತ ಒಂದು ಕಾಗದದಲ್ಲಿ ಬರೆದು ಸೀಲ್ ಒತ್ತಿ ಕೊಡಿ. ಗಾರ್ಡಿಗೆ ತೋರಿಸ್ತೀನಿ."

ಗುಮಾಸ್ತರು ಈ ಸಲ ನಗಲಿಲ್ಲ.

"ನಾಲಿಗೆ ಉದ್ದ ಆಯ್ತು ಮುಂಡೇದಕ್ಕೆ! ನಡಿ ಆಚೆ!"

ಪೂಂಗಾವನಂ ಹೋಗಲಿಲ್ಲ. ಅವಳ ಕಣ್ಣು ರೆಕಾರ್ಡ್ ರೂಮಿನ ಹೊಸ್ತಿಲ ಮೇಲೆ ನಿಂತಿತ್ತು. ಕುಕ್ಕರಗಾಲಲ್ಲಿ ಕೂತು, ಧೂಳಿನ ಒಂದು ಗೆರೆಯ ಪಕ್ಕ ಬೆರಳಾಡಿಸಿ, ಮೂಗಿಗೆ ಹಿಡಿದು ನೋಡಿದಳು.

"ನಾನು ತರೋದೇನೂ ಬೇಡ ಸಾಮಿ. ಆಗ್ಲೇ ಬಂದೈತೆ. ಕಟ್ಟುಹಾವು, ನಾಗರಕ್ಕಿಂತ ವಿಷದ್ದು. ಒಳಗೆ ಹೋಗೈತೆ, ಈಚೆಗೆ ಬಂದಿಲ್ಲ. ಇಲ್ಲಾ, ಬಂದು ನಿಮ್ಮ ಮೇಜಿನಡಿ ಸೇರ್ಕೊಂಡಿದ್ರೂ ಸೇರ್ಕೊಂಡೈತೆ."

ಆರು ಕಾಲು ಒಟ್ಟಿಗೆ ಕುರ್ಚಿಯ ಮೇಲೇರಿದವು.

"ಹಿಡಿಯೇ! ಹಿಡಿಯಮ್ಮಾ!"

"ಅದ್ಹೆಂಗೆ ಹಿಡೀಲಿ ಸಾಮಿ? ನಾನು ಇರುಳರೋಳಲ್ವಲ್ಲ. ಹೌದು ಅಂತ ಬರ್ಕೊಡಿ, ಈಗ್ಲೇ ಹಿಡೀತೀನಿ."

"ನಿಮ್ಮ ಫೈಲು ಒಳಗೇ ಇದೆ ಕಣಮ್ಮಾ! ಆ ಅಲ್ಮೇರಾದಲ್ಲಿ!"

"ಹೋಗಿ ತನ್ನಿ ಮತ್ತೆ. ಹೆದ್ರಬೇಡಿ, ಕಟ್ಟುಹಾವು ಕಚ್ಚಿದ್ರೆ ನೋವಾಗಲ್ಲ. ನಿದ್ದೆ ಬಂದಂಗಾಗುತ್ತೆ, ಅಷ್ಟೇ."

ಹೀಗೆಂದು ಅವಳು ಹೊಸ್ತಿಲಿಗೆ ಅಡ್ಡವಾಗಿ ಕಾಲು ಚಾಚಿ ಕೂತು, ಮಡಿಲಿನಿಂದ ಎಲೆ ಅಡಿಕೆ ತೆಗೆದಳು. ದೇಸಮ್ಮ ಉಳಿದ ಮನೆಯವರನ್ನು ಕರೆಯಲು ಓಡಿದಳು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಗುಡಿಸಲಿನವರೂ ಕಚೇರಿಯ ಜಗಲಿ ತುಂಬ ಕೂತಿದ್ದರು. ಮುದುಕರು ಕಿಟಕಿಯಲ್ಲಿ ಇಣುಕಿ, "ಎಡಗಡೆ ನೋಡ್ಕೊಳ್ಳಿ ಸಾಮಿ... ಇಲ್ಲ ಇಲ್ಲ, ಅದು ಹಗ್ಗ" ಎಂದು ಸಲಹೆ ಕೊಡುತ್ತಿದ್ದರು. ಐದು ಗಂಟೆಯಾಯಿತು. ಗುಮಾಸ್ತರಿಬ್ಬರು ಕುರ್ಚಿಯಿಂದ ಬೆಂಚಿಗೆ, ಬೆಂಚಿನಿಂದ ಬಾಗಿಲಿಗೆ ಹಾರಿ ಪಾರಾದರು. ಸೌಂದರರಾಜನ್ ಮಾತ್ರ ಕುರ್ಚಿಯ ಮೇಲೆ ಕಾಲು ಮಡಚಿ ಕೂತೇ ಇದ್ದ.

"ಬರೀರಿ ಸಾಮಿ," ಎಂದಳು ಪೂಂಗಾವನಂ. "ಪೆನ್ನು ಮೇಜಿನ ಮೇಲೇ ಐತೆ. ಹನ್ನೊಂದು ಸಲ ಬರೀರಿ."

ಆ ದಿನ ಬೇರೆ ಕೆಲಸಕ್ಕೆಂದು ಆ ಕಚೇರಿಗೆ ಹೋಗಿದ್ದ ನಾನು ಬಾಗಿಲಲ್ಲೇ ನಿಂತಿದ್ದೆ. ಧೂಳಿನಲ್ಲಿ ಗೆರೆ ಇದ್ದುದು ನಿಜ. ಅದು ಹಾವಿನದೋ ಪೊರಕೆಯದೋ ನನಗೆ ಗೊತ್ತಾಗಲಿಲ್ಲ, ಕೇಳಿದರೆ ಅವಳು ಹೇಳುವುದಿಲ್ಲ. ಕೊನೆಯ ಬಸ್ಸಿಗೆ ನಾನು ಹೊರಟಾಗ ಅವರು ಯಾರೂ ಎದ್ದಿರಲಿಲ್ಲ. ಗಡುವಿಗೆ ಇನ್ನೂ ನಾಲ್ಕು ದಿನವಿತ್ತು. ಅವನು ಬರೆದನೋ ಇಲ್ಲವೋ ಎಂದು ಆಮೇಲೆ ಕೇಳಿದರೂ ಅವಳದು ಅದೇ ನಗು.